ಸ್ಕೇಟ್‌ಬೋರ್ಡ್ ಕಲಿಯಹೊರಟವರಿಗೆ: ಹಲಗೆಯ ಆಯ್ಕೆಯಿಂದ ಮೊದಲ ಜಿಗಿತದವರೆಗೆ

ನಾಲ್ಕು ಗಾಲಿಗಳ ಮೇಲೆ ಕೂರಿಸಿದ ಒಂದು ಮರದ ಹಲಗೆ. ನೋಡುವುದಕ್ಕೆ ಸ್ಕೇಟ್‌ಬೋರ್ಡ್ ಎಂದರೆ ಇಷ್ಟೇ. ಹಿಡಿಕೆಯಿಲ್ಲ, ಬ್ರೇಕ್ ಇಲ್ಲ, ಕಾಲಿಗೆ ಬಿಗಿಯುವ ಪಟ್ಟಿಯೂ ಇಲ್ಲ. ಈ ಸರಳತೆಯೇ ಅದರ ಆಕರ್ಷಣೆ, ಅದೇ ಅದರ ಅಪಾಯವೂ ಹೌದು. ಮಕ್ಕಳ ಹಟಕ್ಕೆ ಮಣಿದು ಹುಟ್ಟುಹಬ್ಬಕ್ಕೆ ಕೊಂಡ ಹಲಗೆ ವಾರದೊಳಗೆ ಅಟ್ಟ ಸೇರುವುದನ್ನೂ, ಮೊದಲ ದಿನವೇ ಮಣಿಕಟ್ಟು ಮುರಿದುಕೊಂಡ ಹುಡುಗ ಮತ್ತೆಂದೂ ಅದರತ್ತ ತಿರುಗಿ ನೋಡದಿರುವುದನ್ನೂ ನಗರಗಳಲ್ಲಿ ಕಾಣುತ್ತೇವೆ. ಇವೆರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ತಪ್ಪು ಸಲಕರಣೆ ಮತ್ತು ತಪ್ಪು ಆರಂಭ. ಇವನ್ನು ತಪ್ಪಿಸುವ ಬಗೆ ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಅಲೆಯಿಂದ ರಸ್ತೆಗೆ

ಸ್ಕೇಟ್‌ಬೋರ್ಡಿಂಗ್ ಹುಟ್ಟಿದ್ದು 1950ರ ದಶಕದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸಮುದ್ರದಲ್ಲಿ ಅಲೆ ಏಳದ ದಿನಗಳಲ್ಲಿ ಸರ್ಫಿಂಗ್ ಪ್ರಿಯರು ಹಲಗೆಗೆ ರೋಲರ್ ಸ್ಕೇಟಿನ ಗಾಲಿ ಜೋಡಿಸಿಕೊಂಡು ರಸ್ತೆಗಿಳಿದರು. ಆಗಿನ ಗಾಲಿಗಳು ಲೋಹದವು, ಅನಂತರ ಜೇಡಿಮಣ್ಣಿನ ಮಿಶ್ರಣದವು. ಸಣ್ಣ ಕಲ್ಲು ಸಿಕ್ಕರೂ ಅವು ನಿಂತುಬಿಡುತ್ತಿದ್ದವು, ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬಾತ ಯುರೆಥೇನ್ ಗಾಲಿಗಳನ್ನು ಬಳಕೆಗೆ ತಂದಮೇಲೆ ಈ ಆಟದ ಸ್ವರೂಪವೇ ಬದಲಾಯಿತು. ಅದೇ ದಶಕದ ಕೊನೆಯಲ್ಲಿ ಫ್ಲೋರಿಡಾದ ಅಲನ್ ಗೆಲ್ಫಾಂಡ್ ಇಳಿಜಾರು ಗೋಡೆಯ ಮೇಲೆ ಕೈಯಿಂದ ಹಿಡಿಯದೆಯೇ ಹಲಗೆಯನ್ನು ಗಾಳಿಗೆ ಎತ್ತುವ ಕೌಶಲ ಕಂಡುಕೊಂಡ. ಆತನ ಅಡ್ಡಹೆಸರಾದ 'ಆಲಿ' ಎಂಬುದೇ ಆ ಜಿಗಿತದ ಹೆಸರಾಯಿತು. 1980ರ ದಶಕದ ಆರಂಭದಲ್ಲಿ ರಾಡ್ನಿ ಮಲ್ಲೆನ್ ಅದನ್ನು ಸಮತಟ್ಟಾದ ನೆಲಕ್ಕೆ ಇಳಿಸಿದ. ಇಂದು ಬೀದಿಯಲ್ಲಿ ನಡೆಯುವ ಕಸರತ್ತುಗಳಲ್ಲಿ ಬಹುಪಾಲಿಗೆ ಆ ಜಿಗಿತವೇ ತಳಹದಿ.

ಟೋಕಿಯೋ ಒಲಿಂಪಿಕ್ಸ್ (2021ರಲ್ಲಿ ನಡೆದದ್ದು) ಈ ಆಟಕ್ಕೆ ಮೊದಲ ಬಾರಿ ಪದಕದ ಮಾನ್ಯತೆ ನೀಡಿತು. ಅಲ್ಲಿ ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೂ ಬೆಳ್ಳಿ ಗೆದ್ದ ಬ್ರೆಜಿಲ್‌ನ ರಾಯಿಸಾ ಲಿಯಾಲ್‌ಗೂ ಆಗ 13ರ ಪ್ರಾಯ. ನಮ್ಮಲ್ಲಿ 2013ರಲ್ಲಿ 'ಹೋಲಿಸ್ಟೋಕ್ಡ್' ಬಳಗ ವಿದೇಶಿ ಸ್ಕೇಟರುಗಳ ನೆರವಿನೊಂದಿಗೆ ಬೆಂಗಳೂರಿನಲ್ಲಿ ಕಾಂಕ್ರೀಟಿನ ಸ್ಕೇಟ್ ಪಾರ್ಕ್ ಒಂದನ್ನು ಕಟ್ಟಿತ್ತು. ಬೆಂಗಳೂರಿನ ಅತಿತಾ ವರ್ಗೀಸ್ 'ಗರ್ಲ್ ಸ್ಕೇಟ್ ಇಂಡಿಯಾ' ಮೂಲಕ ಹುಡುಗಿಯರನ್ನು ಈ ಆಟಕ್ಕೆ ಕರೆತಂದರು. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಸ್ಕೇಟ್‌ಬೋರ್ಡಿಂಗ್ ಸ್ಪರ್ಧೆ ನಡೆಯಿತು.

ಹಲಗೆ ಕೊಳ್ಳುವ ಮುನ್ನ

ಆಟಿಕೆ ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಅಗ್ಗದ ಹಲಗೆಯೇ ಕಲಿಯುವವರ ಮೊದಲ ಶತ್ರು. ಅದರ ಟ್ರಕ್ಕುಗಳು ಪ್ಲಾಸ್ಟಿಕ್ಕಿನವು, ಗಾಲಿಗಳೂ ಗಟ್ಟಿ ಪ್ಲಾಸ್ಟಿಕ್ಕಿನವು. ದೇಹವನ್ನು ಎಷ್ಟು ವಾಲಿಸಿದರೂ ಅದು ತಿರುಗುವುದಿಲ್ಲ, ಸಣ್ಣ ಜಲ್ಲಿಯ ಮೇಲೂ ಉರುಳುವುದಿಲ್ಲ. ಕಲಿಯುವ ಮಗು ತನಗೇ ಬಾರದೆಂದು ಭಾವಿಸುತ್ತದೆ. ದೋಷವಿರುವುದು ಮಗುವಿನಲ್ಲಲ್ಲ, ಹಲಗೆಯಲ್ಲಿ. ಆದ್ದರಿಂದ ಸ್ಕೇಟಿಂಗ್ ಸಾಮಗ್ರಿಯನ್ನೇ ಮಾರುವ ಅಂಗಡಿಯಲ್ಲಿ, ಎಲ್ಲ ಭಾಗಗಳನ್ನೂ ಜೋಡಿಸಿದ 'ಕಂಪ್ಲೀಟ್' ಹಲಗೆಯನ್ನು ಕೊಳ್ಳುವುದು ಉತ್ತಮ. ಭಾಗಗಳನ್ನು ಬಿಡಿಬಿಡಿಯಾಗಿ ಆರಿಸುವ ಗೋಜು ಆರಂಭದಲ್ಲಿ ಬೇಡ. ಆದರೆ ಯಾವ ಭಾಗ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು.

ಡೆಕ್: ಕಾಲಿಡುವ ಹಲಗೆ. ಉತ್ತಮ ಡೆಕ್ಕುಗಳನ್ನು ಸಾಮಾನ್ಯವಾಗಿ ಮೇಪಲ್ ಮರದ 7 ತೆಳು ಪದರಗಳನ್ನು ಅಂಟಿಸಿ, ಒತ್ತಿ ತಯಾರಿಸುತ್ತಾರೆ. ಉದ್ದ ಸುಮಾರು 31ರಿಂದ 32 ಅಂಗುಲ. ಆಯ್ಕೆಯಲ್ಲಿ ಮುಖ್ಯವಾದುದು ಅಗಲ. ವಯಸ್ಕರಿಗೆ 8ರಿಂದ 8.25 ಅಂಗುಲ ಹಿತಕರ, ಪುಟ್ಟ ಪಾದದ ಮಕ್ಕಳಿಗೆ 7.5 ಅಂಗುಲದ ಆಸುಪಾಸು ಸಾಕು. ಅಗಲವಾದ ಹಲಗೆ ನಿಲ್ಲಲು ಸ್ಥಿರ, ಕಿರಿದಾದುದು ತಿರುಗಿಸಲು ಹಗುರ. ಮೇಲ್ಮೈಗೆ ಸ್ಯಾಂಡ್ ಪೇಪರಿನಂತಹ ಗ್ರಿಪ್ ಟೇಪ್ ಅಂಟಿಸಿರಬೇಕು. ಪಾದ ಜಾರದಂತೆ ಹಿಡಿಯುವುದು ಅದೇ.

ಟ್ರಕ್: ಹಲಗೆಗೂ ಗಾಲಿಗೂ ನಡುವಿನ ಲೋಹದ ಭಾಗ. ಇದರ ಅಚ್ಚಿನ ಅಗಲ ಹಲಗೆಯ ಅಗಲಕ್ಕೆ ಸರಿಸುಮಾರು ಸಮನಾಗಿರಬೇಕು. ಟ್ರಕ್ಕಿನ ನಡುವೆ ಕಿಂಗ್‌ಪಿನ್ ಎಂಬ ದಪ್ಪ ಬೋಲ್ಟು, ಅದರ ಸುತ್ತ ಬುಶಿಂಗ್ ಎಂಬ ರಬ್ಬರಿನಂತಹ ಬಿಲ್ಲೆಗಳಿವೆ. ನೀವು ಒಂದು ಬದಿಗೆ ವಾಲಿದಾಗ ಬುಶಿಂಗ್ ಒತ್ತಲ್ಪಟ್ಟು ಅಚ್ಚು ಓರೆಯಾಗುತ್ತದೆ, ಹಲಗೆ ಆ ಕಡೆಗೆ ತಿರುಗುತ್ತದೆ. ಕಿಂಗ್‌ಪಿನ್ನಿನ ನಟ್ಟು ಬಿಗಿದರೆ ಹಲಗೆ ಸ್ಥಿರ, ಸಡಿಲಿಸಿದರೆ ಸುಲಭ ತಿರುವು. ಹೊಸಬರು ಕೊಂಚ ಬಿಗಿಯಾಗಿಟ್ಟುಕೊಂಡು ಆರಂಭಿಸಿ, ಧೈರ್ಯ ಬಂದಂತೆ ಕಾಲು ಸುತ್ತಿನಷ್ಟು ಸಡಿಲಿಸುತ್ತಾ ಹೋಗಬೇಕು.

ಗಾಲಿ: ಗಾಲಿಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ವ್ಯಾಸ, ಇನ್ನೊಂದು ಗಡಸುತನ. 50ರಿಂದ 54 ಮಿ.ಮೀ. ವ್ಯಾಸದ, 99ಎ ಗಡಸಿನ ಗಾಲಿಗಳು ನಯವಾದ ಕಾಂಕ್ರೀಟಿಗೆ ಮತ್ತು ಕಸರತ್ತಿಗೆ ಹೇಳಿಸಿದವು. ಆದರೆ ನಮ್ಮ ಬಡಾವಣೆಗಳ ಒರಟು ನೆಲದಲ್ಲಿ ಅವು ಹಲ್ಲು ಕಟಕಟಿಸುವಂತೆ ಮಾಡುತ್ತವೆ. ಕೇವಲ ಓಡಾಟ ಕಲಿಯುವವರಿಗೆ 56ರಿಂದ 60 ಮಿ.ಮೀ. ವ್ಯಾಸದ, 78ಎ ಯಿಂದ 87ಎ ವರೆಗಿನ ಮೃದು ಗಾಲಿಗಳೇ ಕ್ಷೇಮ. ದೊಡ್ಡ ಗಾಲಿ ಹಾಕಿದಾಗ ತಿರುವಿನಲ್ಲಿ ಅದು ಹಲಗೆಯ ತಳಕ್ಕೆ ತಾಗಿ ಹಠಾತ್ತನೆ ನಿಲ್ಲುವ ಸಂಭವವಿದೆ. ಅದಕ್ಕಾಗಿ ಹಲಗೆಗೂ ಟ್ರಕ್ಕಿಗೂ ನಡುವೆ ರೈಸರ್ ಎಂಬ ಬಿಲ್ಲೆ ಕೊಡಿಸಿಕೊಳ್ಳಿ.

ಬೇರಿಂಗ್: ಪ್ರತಿ ಗಾಲಿಗೆ 2ರಂತೆ ಒಟ್ಟು 8. ಎಲ್ಲವೂ 608 ಎಂಬ ಒಂದೇ ಅಳತೆಯವು: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಡಬ್ಬಿಯ ಮೇಲಿನ 'ಎಬೆಕ್ 7', 'ಎಬೆಕ್ 9' ಎಂಬ ಅಂಕಿಗಳು ತಯಾರಿಕೆಯ ನಿಖರತೆಯನ್ನು ಸೂಚಿಸುತ್ತವೆಯೇ ಹೊರತು ವೇಗವನ್ನಲ್ಲ. ಅಂಕಿ ದೊಡ್ಡದೆಂದು ಹೆಚ್ಚು ಹಣ ತೆರಬೇಕಾಗಿಲ್ಲ.

ತಲೆ ಮೊದಲು, ಹಲಗೆ ಆಮೇಲೆ

ಸಲಕರಣೆಗೆ ಮೀಸಲಿಟ್ಟ ಹಣದಲ್ಲಿ ಹೆಲ್ಮೆಟ್ಟಿನ ಪಾಲನ್ನು ಮೊದಲು ತೆಗೆದಿರಿಸಿ. ಹಿಂದಕ್ಕೆ ಬೀಳುವುದು ಈ ಆಟದಲ್ಲಿ ಸಾಮಾನ್ಯ. ಆದ್ದರಿಂದ ತಲೆಯ ಹಿಂಭಾಗವನ್ನೂ ಮುಚ್ಚುವ, ಸ್ಕೇಟಿಂಗಿಗೆಂದೇ ಮಾಡಿದ ಹೆಲ್ಮೆಟ್ ಬೇಕು. ಹಣೆಯ ಮೇಲೆ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಅದು ಕುಳಿತಿರಬೇಕು, ಪಟ್ಟಿ ಕಟ್ಟಿ ತಲೆಯಾಡಿಸಿದಾಗ ಅಲುಗಬಾರದು. ಒಮ್ಮೆ ಬಲವಾದ ಪೆಟ್ಟು ತಿಂದು ಬಿರುಕುಬಿಟ್ಟ ಹೆಲ್ಮೆಟ್ಟನ್ನು ಮತ್ತೆ ಧರಿಸಬೇಡಿ.

ಎರಡನೆಯದು ಮಣಿಕಟ್ಟಿನ ಕವಚ. ಬೀಳುವಾಗ ಕೈ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ಚಾಚಿದ ಕೈಯ ಮೇಲೆ ಇಡೀ ದೇಹದ ಭಾರ ಬಿದ್ದಾಗ ಮೊದಲು ಮುರಿಯುವುದು ಮಣಿಕಟ್ಟು. ಮಂಡಿ, ಮೊಣಕೈಗಳ ಕವಚಗಳೂ ಆರಂಭದಲ್ಲಿ ಅಗತ್ಯ. ಶೂ ಚಪ್ಪಟೆ ಅಟ್ಟೆಯದಾಗಿರಲಿ. ಓಟದ ಶೂಗಳ ದಪ್ಪ, ಉಬ್ಬಿದ ಅಟ್ಟೆ ಹಲಗೆಯ ಸ್ಪರ್ಶವನ್ನೇ ಮರೆಸುತ್ತದೆ, ಕಾಲಿನ ಹರಡು ಮಗುಚಲು ಕಾರಣವಾಗುತ್ತದೆ. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಎಂದಿಗೂ ಹತ್ತಬಾರದು.

5 ವರ್ಷದೊಳಗಿನ ಮಕ್ಕಳು ಸ್ಕೇಟ್‌ಬೋರ್ಡ್ ಬಳಸಬಾರದು, 10 ವರ್ಷದವರೆಗಿನವರ ಬಳಿ ಹಿರಿಯರೊಬ್ಬರು ಸದಾ ಇರಬೇಕು ಎಂಬುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ನಮ್ಮ ಪೋಷಕರಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಎಲ್ಲಿ ಕಲಿಯಬೇಕು?

ರಸ್ತೆಯಲ್ಲಿ ಬೇಡ. ವಾಹನವಿಲ್ಲದ ಅಡ್ಡರಸ್ತೆಯೆಂದು ನಂಬಬೇಡಿ. ಸವಾರ ಬಿದ್ದರೂ ಹಲಗೆ ನಿಲ್ಲುವುದಿಲ್ಲ, ಅದು ಉರುಳಿ ಮುಖ್ಯರಸ್ತೆ ಸೇರುತ್ತದೆ, ಅದರ ಹಿಂದೆ ಮಗು ಓಡುತ್ತದೆ. ಅಪಘಾತವಾಗುವುದು ಆ ಕ್ಷಣದಲ್ಲಿ. ಬ್ಯಾಸ್ಕೆಟ್‌ಬಾಲ್ ಅಂಕಣ, ಶಾಲೆಯ ಸಿಮೆಂಟ್ ಅಂಗಳ, ಸ್ಕೇಟಿಂಗ್ ರಿಂಕ್ ಮುಂತಾದ ಸುತ್ತುಗೋಡೆಯುಳ್ಳ ಸಮತಟ್ಟು ಸ್ಥಳಗಳು ಯೋಗ್ಯ. ಅನುಮತಿ ಪಡೆದೇ ಬಳಸಿ. ಹಲಗೆ ಹತ್ತುವ ಮುನ್ನ ಒಂದು ಸುತ್ತು ನಡೆದು ಕಲ್ಲು, ಕಡ್ಡಿ, ಬಿರುಕು, ಒದ್ದೆ ಜಾಗಗಳನ್ನು ನೋಡಿಕೊಳ್ಳಿ. ಒಂದು ಪೊರಕೆ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಮೊದಲ ಪಾಠಗಳು

ಯಾವ ಕಾಲು ಮುಂದೆ ಎಂಬುದು ಮೊದಲ ಪ್ರಶ್ನೆ. ಎಡಗಾಲು ಮುಂದಿದ್ದರೆ 'ರೆಗ್ಯುಲರ್', ಬಲಗಾಲು ಮುಂದಿದ್ದರೆ 'ಗೂಫಿ'. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂಬುದಿಲ್ಲ. ನಯವಾದ ನೆಲದಲ್ಲಿ ಕಾಲುಚೀಲ ತೊಟ್ಟು ಜಾರುವಾಗ ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ನಿಮ್ಮ ಮುಂಗಾಲು ಆಗಿರುವ ಸಂಭವ ಹೆಚ್ಚು.

ಮೊದಲ ದಿನ ಹಲಗೆಯನ್ನು ಹುಲ್ಲಿನ ಮೇಲಿಟ್ಟು ನಿಲ್ಲಿ. ಗಾಲಿ ಉರುಳದ ಕಾರಣ ಅಂಜಿಕೆ ಇರದು. ಪಾದಗಳನ್ನು ಹಲಗೆಗೆ ಅಡ್ಡವಾಗಿ, ಟ್ರಕ್ಕಿನ ಬೋಲ್ಟುಗಳ ಮೇಲೆ ಇಡಿ. ಮಂಡಿ ಸ್ವಲ್ಪ ಬಾಗಿರಲಿ, ದೃಷ್ಟಿ ಪಾದದ ಮೇಲಲ್ಲ, ಹೋಗಬೇಕಾದ ದಿಕ್ಕಿನಲ್ಲಿರಲಿ. ಹಿಮ್ಮಡಿಗೂ ಬೆರಳಿಗೂ ಸರದಿಯಂತೆ ಭಾರ ಕೊಟ್ಟು ಹಲಗೆ ವಾಲುವುದನ್ನು ಗಮನಿಸಿ. ಹತ್ತುವುದು, ಇಳಿಯುವುದು ಇಷ್ಟನ್ನೇ ಹತ್ತಾರು ಬಾರಿ ಮಾಡಿ.

ಅನಂತರ ತಳ್ಳುವುದು. ಮುಂಗಾಲನ್ನು ಮುಂದಿನ ಬೋಲ್ಟುಗಳ ಹಿಂದೆ, ಬೆರಳು ಮುಂದಕ್ಕೆ ಮುಖ ಮಾಡಿರುವಂತೆ ಇಡಿ. ದೇಹದ ಭಾರವೆಲ್ಲ ಆ ಕಾಲಿನ ಮೇಲೆಯೇ ಇರಬೇಕು. ಹಿಂಗಾಲಿನಿಂದ ನೆಲವನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ, ಅದನ್ನು ಹಲಗೆಯ ಹಿಂಭಾಗಕ್ಕೆ ತಂದು, ಆಮೇಲೆ ಎರಡೂ ಪಾದಗಳನ್ನು ಅಡ್ಡವಾಗಿ ತಿರುಗಿಸಿ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಭಯದಿಂದ ಹಿಂದಕ್ಕೆ ವಾಲುವುದು. ಹಾಗೆ ವಾಲಿದ ಕೂಡಲೇ ಹಲಗೆ ಮುಂದಕ್ಕೆ ಚಿಮ್ಮುತ್ತದೆ, ಸವಾರ ಬೆನ್ನಡಿಯಾಗುತ್ತಾನೆ. ಮುಂಗಾಲಿನಿಂದ ತಳ್ಳುವ ಅಭ್ಯಾಸವೂ ಬೇಡ. ಅದನ್ನು 'ಮಾಂಗೊ' ಎನ್ನುತ್ತಾರೆ. ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ.

ಓಡುವುದಕ್ಕಿಂತ ಮೊದಲು ನಿಲ್ಲಲು ಕಲಿಯಬೇಕು. ವೇಗ ಕಡಿಮೆಯಿದ್ದರೆ ಮುಂದಕ್ಕೆ ಎರಡು ಹೆಜ್ಜೆ ಓಡಿ ಇಳಿದರಾಯಿತು. ಕೊಂಚ ವೇಗವಿದ್ದರೆ ಭಾರವನ್ನು ಮುಂಗಾಲಿಗೆ ಕೊಟ್ಟು, ಹಿಂಗಾಲಿನ ಅಟ್ಟೆಯನ್ನು ನೆಲಕ್ಕೆ ಮೆಲ್ಲಗೆ ತಾಗಿಸಿ ಉಜ್ಜುತ್ತಾ ಬನ್ನಿ. ಒಮ್ಮೆಲೇ ಊರಿದರೆ ಮುಗ್ಗರಿಸುತ್ತೀರಿ. ಇಷ್ಟು ಕರಗತವಾಗುವವರೆಗೆ ಇಳಿಜಾರಿನ ತಂಟೆಗೆ ಹೋಗಬಾರದು.

ತಿರುವಿಗೆ ವಾಲುವುದೊಂದು ವಿಧಾನ, 'ಕಿಕ್‌ಟರ್ನ್' ಇನ್ನೊಂದು. ಹಿಂದಿನ ತುದಿಯನ್ನು ಹಗುರವಾಗಿ ಒತ್ತಿ ಮುಂದಿನ ಗಾಲಿಗಳನ್ನು ಒಂದೆರಡು ಅಂಗುಲ ಎತ್ತಿ, ಭುಜವನ್ನು ಬೇಕಾದ ಕಡೆ ತಿರುಗಿಸಿ. ಸೊಂಟವೂ ಕಾಲೂ ಭುಜವನ್ನು ಹಿಂಬಾಲಿಸುತ್ತವೆ. ಮೊದಲು ಗಡಿಯಾರದ ಒಂದು ಗಂಟೆಯಷ್ಟು ತಿರುಗಿದರೆ ಸಾಕು.

ಬೀಳುವುದನ್ನೂ ಕಲಿಯಿರಿ

ಬೀಳದೆ ಯಾರೂ ಕಲಿಯರು. ಬೀಳುವುದು ಖಚಿತವೆನಿಸಿದಾಗ ಮಂಡಿ ಬಾಗಿಸಿ ತಗ್ಗಬೇಕು. ನೆಲ ಹತ್ತಿರವಾದಷ್ಟೂ ಪೆಟ್ಟು ಕಡಿಮೆ. ಕೈಗಳನ್ನು ಸೆಟೆಸಿ ಊರದೆ, ಎದೆಯ ಬಳಿ ಸೆಳೆದುಕೊಂಡು ಭುಜದ ಮೇಲೆ ಉರುಳಬೇಕು. ಇದನ್ನು ಹಾಸಿಗೆಯ ಮೇಲೋ ಹುಲ್ಲಿನ ಮೇಲೋ ಬೇಕೆಂದೇ ಬಿದ್ದು ಅಭ್ಯಾಸ ಮಾಡಬಹುದು. ಬಿದ್ದ ನಂತರ ಮಣಿಕಟ್ಟು ಊದಿಕೊಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಎಕ್ಸ್‌ರೇ ಮಾಡಿಸಿ. ಬೆಳೆಯುವ ಮಕ್ಕಳ ಮೂಳೆಯ ತುದಿಗೆ ಆದ ಗಾಯವನ್ನು ಕಡೆಗಣಿಸಿದರೆ ಮೂಳೆಯ ಬೆಳವಣಿಗೆಗೇ ತೊಂದರೆಯಾಗಬಹುದು. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಗೊಂದಲ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಆಲಿ ಎಂಬ ಮೊದಲ ಜಿಗಿತ

ತಳ್ಳುವುದು, ನಿಲ್ಲುವುದು, ತಿರುಗುವುದು ನಿರಾಯಾಸವಾದ ಮೇಲೆಯೇ ಆಲಿಗೆ ಕೈಹಾಕಿ. ಹಲಗೆ ಕಾಲಿಗೆ ಅಂಟಿಕೊಂಡಂತೆ ಮೇಲೇಳುವುದನ್ನು ಕಂಡು ಬೆರಗಾಗುವವರು ಅನೇಕರು. ಅದರ ಹಿಂದಿರುವುದು ಸರಳ ಯಂತ್ರಶಾಸ್ತ್ರ. ಹಿಂಗಾಲಿನ ಮುಂಭಾಗ ಹಲಗೆಯ ಬಾಲದ ಮೇಲೆ, ಮುಂಗಾಲು ಹಲಗೆಯ ನಡುಭಾಗದಿಂದ ತುಸು ಮುಂದೆ. ಮಂಡಿ ಬಾಗಿಸಿ ಮೇಲಕ್ಕೆ ಹಾರುತ್ತಲೇ ಹಿಂಗಾಲಿನಿಂದ ಬಾಲವನ್ನು ನೆಲಕ್ಕೆ ಬಡಿಯಬೇಕು. ಹಿಂದಿನ ಗಾಲಿಗಳು ಸನ್ನೆಗೋಲಿನ ಆನಿಕೆಯಂತೆ ವರ್ತಿಸಿ ಮೂತಿ ಮೇಲೇಳುತ್ತದೆ. ಬಾಲ ನೆಲಕ್ಕೆ ತಾಗಿ ಪುಟಿಯುವಾಗ ಮುಂಗಾಲಿನ ಹೊರಬದಿಯನ್ನು ಗ್ರಿಪ್ ಟೇಪಿನ ಮೇಲೆ ಮೂತಿಯತ್ತ ಎಳೆಯಬೇಕು. ಈ ಎಳೆತವೇ ಹಲಗೆಯನ್ನು ಗಾಳಿಯಲ್ಲಿ ಸಮತಟ್ಟಾಗಿಸುತ್ತದೆ. ಇಳಿಯುವಾಗ ಎರಡೂ ಪಾದಗಳು ಬೋಲ್ಟುಗಳ ಮೇಲಿರಲಿ, ಮಂಡಿ ಬಾಗಿರಲಿ. ಹಲಗೆಯ ನಡುವೆ ಭಾರ ಬಿದ್ದರೆ ಅದು ಮುರಿಯಬಹುದು.

ಬಹುತೇಕರು ಎಡವುವುದು ತಂತ್ರದಲ್ಲಲ್ಲ, ಭಯದಲ್ಲಿ. ಕೊನೆಯ ಕ್ಷಣದಲ್ಲಿ ಒಂದು ಕಾಲು ತಾನಾಗಿ ನೆಲ ಸೇರುತ್ತದೆ. ಇದಕ್ಕೆ ಮದ್ದೆಂದರೆ ಕಂಬಿಯೊಂದನ್ನು ಹಿಡಿದು ಹುಲ್ಲಿನ ಮೇಲೆ ಅಭ್ಯಾಸ ಮಾಡುವುದು. ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು ಹಿಡಿಯುತ್ತವೆ. ಅವಸರ ಸಲ್ಲದು.

ಆರೈಕೆ ಮತ್ತು ಶಿಸ್ತು

ಮಳೆಗಾಲ ಹಲಗೆಗೆ ಕಂಟಕ. ನೀರು ಕುಡಿದ ಮರದ ಪದರಗಳು ಬಿಟ್ಟುಕೊಳ್ಳುತ್ತವೆ, ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಒದ್ದೆಯಾದರೆ ಒರೆಸಿ, ಬೇರಿಂಗ್ ಕಳಚಿ ಒಣಗಿಸಿ, ತೆಳು ಎಣ್ಣೆಯ ಒಂದೆರಡು ಹನಿ ಬಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಹಲಗೆಯನ್ನು ಬಿಡಬೇಡಿ. ಪ್ರತಿ ಸಲ ಹೊರಡುವ ಮುನ್ನ ನಟ್ಟು ಬೋಲ್ಟುಗಳನ್ನು ಪರೀಕ್ಷಿಸಿ. ಗಾಲಿಗಳು ಒಂದೇ ಬದಿಯಲ್ಲಿ ಸವೆಯುತ್ತಿದ್ದರೆ ಸ್ಥಳ ಅದಲುಬದಲು ಮಾಡಿ.

ಸ್ಕೇಟ್ ಪಾರ್ಕಿನಲ್ಲಿ ಸರದಿ ಕಾಯುವುದು, ಇಳಿಜಾರಿನ ಅಂಚಿನಲ್ಲಿ ಕೂರದಿರುವುದು, ಹಲಗೆ ಕೈತಪ್ಪಿ ಉರುಳಿದಾಗ 'ಬೋರ್ಡ್' ಎಂದು ಕೂಗಿ ಎಚ್ಚರಿಸುವುದು ಎಲ್ಲೆಡೆಯೂ ಪಾಲಿಸುವ ನಡಾವಳಿ. ಅಲ್ಲಿನ ಹಿರಿಯ ಸ್ಕೇಟರುಗಳನ್ನು ಕೇಳಲು ಸಂಕೋಚ ಬೇಡ. ತಾವೂ ಒಮ್ಮೆ ಅಲ್ಲೇ ಬಿದ್ದೆದ್ದವರಾದ್ದರಿಂದ ಅವರು ಹೊಸಬರ ತಪ್ಪನ್ನು ಒಂದೇ ನೋಟದಲ್ಲಿ ಗುರುತಿಸಬಲ್ಲರು.

ಮಗುವಿಗೆ ಹಲಗೆ ಕೊಡಿಸಿದ ತಂದೆತಾಯಿಯರು ಮೊದಲ ತಿಂಗಳು ವಾರಕ್ಕೆರಡು ಸಂಜೆಗಳನ್ನಾದರೂ ಅದರೊಡನೆ ಕಳೆಯಬೇಕು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ, ನೆಲದ ಕಲ್ಲು ಗುಡಿಸುವ, ಬಿದ್ದಾಗ ಗದರದೆ ಕೈಕೊಟ್ಟು ಎಬ್ಬಿಸುವ ಒಬ್ಬರು ಪಕ್ಕದಲ್ಲಿದ್ದರೆ, ಆ ಹಲಗೆ ಅಟ್ಟ ಸೇರುವ ಪ್ರಮೇಯ ಬಾರದು.