ಬೆಟ್ಟದ ಹಾದಿಯ ಛತ್ರಗಳು



ಜುಲೈ 25 ಪ್ರೇಷಿತ ಸಂತ ಯಕೋಬರ ಹಬ್ಬ. ಜೆಬೆದಾಯನ ಮಗನೂ ಸಂತ ಯೊವಾನ್ನರ ಸಹೋದರರೂ ಆದ ಇವರು ಹನ್ನೆರಡು ಮಂದಿ ಪ್ರೇಷಿತರಲ್ಲಿ ಮೊದಲ ರಕ್ತಸಾಕ್ಷಿ. ಸುಮಾರು ಕ್ರಿ.ಶ. 44ರಲ್ಲಿ ಹೆರೋದ್ ಅಗ್ರಿಪ್ಪ ಅವರನ್ನು ಕತ್ತಿಯಿಂದ ಕೊಲ್ಲಿಸಿದ. ಶಿಷ್ಯರು ಅವರ ಪಾರ್ಥಿವ ಶರೀರವನ್ನು ದೋಣಿಯಲ್ಲಿ ಸ್ಪೇನ್ ದೇಶದ ವಾಯವ್ಯ ಮೂಲೆಗೆ ಒಯ್ದು ಸಮಾಧಿ ಮಾಡಿದರೆಂಬುದು ಪರಂಪರೆಯ ಮಾತು. ಚರಿತ್ರೆ ಇದನ್ನು ಸಾಬೀತು ಮಾಡಿಲ್ಲ. ಆದರೆ ಆ ಸಮಾಧಿಯನ್ನು ಅರಸಿ ಸಾವಿರ ವರ್ಷಗಳಿಂದ ನಡೆದು ಬಂದ ಭಕ್ತರ ಚರಿತ್ರೆಯನ್ನು ಯಾರೂ ಅಲ್ಲಗಳೆಯಲಾರರು. ಆ ಯಾತ್ರೆಯ ಅತ್ಯಂತ ಹಳೆಯ ಹಾದಿಯನ್ನು ಈ ಹಬ್ಬದಲ್ಲಿ ನಾವು ನೆನೆಯೋಣ.

9ನೇ ಶತಮಾನದ ಮೊದಲ ಭಾಗದಲ್ಲಿ, ಸುಮಾರು 820-830ರ ವೇಳೆಗೆ, ಗಲಿಸಿಯಾ ಪ್ರಾಂತ್ಯದಲ್ಲಿ ಪ್ರೇಷಿತರ ಸಮಾಧಿ ಪತ್ತೆಯಾಯಿತೆಂದು ಇರಿಯಾ ಫ್ಲಾವಿಯಾದ ಧರ್ಮಾಧ್ಯಕ್ಷ ತಿಯೊದೊಮಿರೊ ಸಾರಿದರು. ಆಗ ಅಸ್ತೂರಿಯಾಸ್ ರಾಜ್ಯವನ್ನು ಆಳುತ್ತಿದ್ದವನು ಎರಡನೆಯ ಅಲ್ಫೋನ್ಸೊ (791-842). ಸುದ್ದಿ ಕೇಳಿದ ಅರಸ ತನ್ನ ರಾಜಧಾನಿ ಒವಿಯೆದೊದಿಂದ ಪಶ್ಚಿಮಕ್ಕೆ ಬೆಟ್ಟಗಳನ್ನು ದಾಟಿ ಅಲ್ಲಿಗೆ ಹೋಗಿ, ಸಮಾಧಿಯ ಮೇಲೆ ಪುಟ್ಟ ದೇವಾಲಯ ಕಟ್ಟಿಸಿದ. ಸಂತ ಯಕೋಬರ ಮೊದಲ ಯಾತ್ರಿಕ ಇವನೇ ಎಂದು ಎಣಿಸುತ್ತಾರೆ. ಆ ಜಾಗವೇ ಮುಂದೆ ಸಂತಿಯಾಗೊ ದೆ ಕೊಂಪೊಸ್ತೇಲಾ ಆಯಿತು. ‘ಸಂತಿಯಾಗೊ’ ಎಂದರೆ ಸಂತ ಯಕೋಬ ಎಂದೇ ಅರ್ಥ. ಅರಸ ಹೋದ ದಾರಿಗೆ ‘ಮೂಲ ಹಾದಿ’ ಎಂಬ ಹೆಸರು ನಿಂತಿತು.

ಸುಮಾರು 320 ಕಿಲೋಮೀಟರಿನ ಈ ಹಾದಿ ಸುಲಭದ್ದಲ್ಲ. ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು, ಕಲ್ಲಿನ ಮನೆಗಳ ಸಣ್ಣ ಹಳ್ಳಿಗಳು, ಕಂಬಗಳ ಮೇಲೆ ನಿಂತ ಕಣಜಗಳು, ಹಸು ಕುದುರೆಗಳು ಮೇಯುವ ಹುಲ್ಲುಗುಡ್ಡಗಳು. ಪಾಲೊ ಎಂಬ ಕಣಿವೆದಾರಿ 1,146 ಮೀಟರ್ ಎತ್ತರದಲ್ಲಿದೆ. ಒಂದು ಏರು ಮುಗಿಯಿತೆನ್ನುವಷ್ಟರಲ್ಲಿ ಇಳಿಜಾರು, ಮತ್ತೆ ಏರು. ಮಂಜು ಕವಿದರೆ ಮುಂದಿನ ಹೆಜ್ಜೆಯೂ ಕಾಣದು.

10ನೇ ಶತಮಾನದ ಆದಿಯಲ್ಲಿ ರಾಜಧಾನಿ ದಕ್ಷಿಣದ ಲೆಯೋನ್ ನಗರಕ್ಕೆ ಸರಿಯಿತು. ಅದರ ಮೂಲಕ ಸಾಗುವ ‘ಫ್ರೆಂಚ್ ಹಾದಿ’ ಕ್ರಮೇಣ ಹೆದ್ದಾರಿಯಾಯಿತು; ಜನ, ವ್ಯಾಪಾರ, ಹಣ ಅತ್ತ ಹರಿದವು. ಆದರೂ ಬೆಟ್ಟದ ಹಾದಿ ಬರಿದಾಗಲಿಲ್ಲ. ಒವಿಯೆದೊದ ಪ್ರಧಾನಾಲಯ ಲೋಕೋದ್ಧಾರಕ ಪ್ರಭುವಿಗೆ ಸಮರ್ಪಿತವಾದುದು. ಅಲ್ಲಿಗೆ ಹೋಗದೆ ಸಂತಿಯಾಗೊಕ್ಕೆ ಮಾತ್ರ ಹೋದವನು ಸೇವಕನನ್ನು ಕಂಡು ಒಡೆಯನನ್ನು ಮರೆತಂತೆ ಎಂಬ ನಂಬಿಕೆ ಯಾತ್ರಿಕರಲ್ಲಿತ್ತು. ಪ್ರಭುವಿಗೆ ವಂದಿಸಿದವರು ಮುಂದೆ ಈ ಬೆಟ್ಟಗಳನ್ನು ಹತ್ತಿದರು.

ಅವರನ್ನು ಕಾಪಾಡಿದವರು ಯಾರು? ಬೆಟ್ಟದ ನೆತ್ತಿಯಲ್ಲಿ ಪಾರಾದಿಯೆಲ್ಯಾ, ಫೊನ್‌ಫರವೋನ್, ವಲ್ಪರಾಯಿಸೊ ಎಂಬ ಯಾತ್ರಿಕರ ಛತ್ರಗಳಿದ್ದವು. ಇಂದಿಗೂ ಆ ದಾರಿಗೆ ‘ಛತ್ರಗಳ ದಾರಿ’ ಎಂದೇ ಹೆಸರು. ಮರಗಳೂ ಬೆಳೆಯದ, ಗಾಳಿ ಬೀಸುವ ಆ ಎತ್ತರದಲ್ಲಿ ಒಂದು ಸೂರು, ಒಂದು ಬೆಂಕಿ, ಒಂದು ತುಣುಕು ರೊಟ್ಟಿ ಎಂದರೆ ಯಾತ್ರಿಕನಿಗೆ ಮರುಜೀವ. ಅರಸನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಮಂಜಿನ ರಾತ್ರಿಯಲ್ಲಿ ಬಾಗಿಲು ತೆರೆದವರ ಹೆಸರು ಉಳಿಯಲಿಲ್ಲ. ಆದರೆ ಅರಸ ಒಮ್ಮೆ ನಡೆದ ಹಾದಿಯನ್ನು ಶತಮಾನಗಳ ಕಾಲ ಹಾದಿಯಾಗಿ ಉಳಿಸಿದವರು ಅವರೇ.

ಕಾಲ ಉರುಳಿತು. ಯಾತ್ರಿಕರು ವಿರಳರಾದರು. 1830ರ ದಶಕದಲ್ಲಿ ಸ್ಪೇನ್ ಸರ್ಕಾರ ಸನ್ಯಾಸಿ ಮಠಗಳ ಆಸ್ತಿಯನ್ನು ಕಿತ್ತುಕೊಂಡಿತು. ಬೆಟ್ಟದ ಛತ್ರಗಳು ಇಂದು ಹುಲ್ಲಿನ ನಡುವೆ ಕಲ್ಲಿನ ಕುರುಹುಗಳು ಮಾತ್ರ.

ಹಾದಿಗೆ ಮತ್ತೆ ಜೀವ ಬಂದುದು ಹೇಗೆ? ಫ್ರೆಂಚ್ ಹಾದಿಯಲ್ಲಿರುವ ಒ ಸೆಬ್ರೆಯಿರೊ ಎಂಬ ಬೆಟ್ಟದ ಹಳ್ಳಿಯ ಧರ್ಮಕೇಂದ್ರದ ಗುರು ಎಲಿಯಾಸ್ ವಲೀನ್ಯಾ, 1984ರಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ಹೊರಟರು. ಯಾತ್ರಿಕರು ದಾರಿ ತಪ್ಪಬಾರದೆಂದು ಕಲ್ಲು, ಮರ, ಗೋಡೆಗಳ ಮೇಲೆ ಬಾಣದ ಗುರುತು ಬರೆದರು. 1989ರಲ್ಲಿ ಅವರು ತೀರಿಕೊಂಡರು. ಅವರ ಹಳದಿ ಬಾಣ ಇತರ ಹಾದಿಗಳಿಗೂ ಹಬ್ಬಿತು. 2015ರಲ್ಲಿ ಯುನೆಸ್ಕೊ ಮೂಲ ಹಾದಿಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಸಂತಿಯಾಗೊ ತಲುಪಿ ಯಾತ್ರಾಪತ್ರ ಪಡೆದವರು ಸುಮಾರು 5 ಲಕ್ಷ. ಅವರಲ್ಲಿ ಮೂಲ ಹಾದಿ ಹಿಡಿದವರು ನೂರಕ್ಕೆ ಐದರಷ್ಟು. ಆದ್ದರಿಂದಲೇ ಅದು ಇನ್ನೂ ನಿಶ್ಶಬ್ದವಾಗಿದೆ.

ಬೆಟ್ಟಗಳನ್ನು ದಾಟಿದ ಮೇಲೆ, ಸಂತಿಯಾಗೊಗೆ ಇನ್ನು ಸುಮಾರು 100 ಕಿಲೋಮೀಟರ್ ಇರುವಾಗ, ರೋಮನ್ ಕೋಟೆಗೋಡೆಯ ಲುಗೊ ನಗರ ಸಿಗುತ್ತದೆ. ಅದರ ಪ್ರಧಾನಾಲಯದಲ್ಲಿ ಪರಮಪ್ರಸಾದವನ್ನು ಸದಾ ಆರಾಧನೆಗಾಗಿ ಪ್ರತಿಷ್ಠಾಪಿಸಿರುವುದು ಶತಮಾನಗಳ ಸಂಪ್ರದಾಯ. ದಣಿದ ಯಾತ್ರಿಕ ಯಾವಾಗ ಒಳಬಂದರೂ ಅವನಿಗಾಗಿ ಪ್ರಭು ಕಾದಿದ್ದಾರೆ. ಗುಡ್ಡದ ಮೇಲಿನ ಛತ್ರಗಳು ರೊಟ್ಟಿಯ ಮೂಲಕ ಹೇಳಿದ ಮಾತನ್ನು ಈ ದೇವಾಲಯ ಜೀವದ ರೊಟ್ಟಿಯ ಮೂಲಕವೇ ಹೇಳುತ್ತಿದೆ. ಎಮ್ಮಾವಿನ ಹಾದಿಯಲ್ಲಿ ಇಬ್ಬರು ಶಿಷ್ಯರು ಅಪರಿಚಿತನನ್ನು ಉಳಿದುಕೊಳ್ಳುವಂತೆ ಒತ್ತಾಯಿಸಿದ್ದರಿಂದಲೇ ಅಲ್ಲವೇ, ರೊಟ್ಟಿ ಮುರಿಯುವಾಗ ಅವರು ಪ್ರಭುವನ್ನು ಗುರುತಿಸಿದ್ದು?

ಪ್ರಿಯರೇ, ನಮ್ಮಲ್ಲಿ ಎಲ್ಲರಿಗೂ ಸ್ಪೇನಿಗೆ ಹೋಗುವ ಅನುಕೂಲವಿಲ್ಲ. ಅದರ ಅಗತ್ಯವೂ ಇಲ್ಲ. ಪ್ರತಿವರ್ಷ ಬೆಂಗಳೂರಿನಿಂದ ವೇಳಾಂಕಣ್ಣಿಗೆ ಕಾಲ್ನಡಿಗೆಯಲ್ಲಿ ಹೋಗುವ ನಮ್ಮವರಿಗೆ ದಾರಿಯಲ್ಲಿ ಯಾರೋ ಕೊಡುವ ಒಂದು ಲೋಟ ನೀರಿನ ಬೆಲೆ ಗೊತ್ತು. ಯಾತ್ರಿಕರಾಗುವುದು ಕೆಲವರ ಭಾಗ್ಯ, ಛತ್ರವಾಗುವುದು ಎಲ್ಲರ ಕರೆ. ಕೆಲಸ ಹುಡುಕಿ ಬೇರೆ ಊರಿಂದ ಬಂದು ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ಕೂರುವ ಕುಟುಂಬದ ಹೆಸರು ನಮಗೆ ಗೊತ್ತೇ? ಬಲಿಪೂಜೆ ಮುಗಿದ ಮೇಲೆ ಒಬ್ಬರಾದರೂ ಅವರನ್ನು ಮಾತನಾಡಿಸುತ್ತೇವೆಯೇ? ಮಂಜು ಕವಿದ ಹಾದಿಯಲ್ಲಿರುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಈ ಹಬ್ಬದಂದು ಅಂಥವರೊಬ್ಬರಿಗೆ ನಮ್ಮ ಮನೆಯ ಬಾಗಿಲು ತೆರೆಯಲಿ. ಪ್ರೇಷಿತ ಸಂತ ಯಕೋಬರು ನಮಗಾಗಿ ಪ್ರಾರ್ಥಿಸಲಿ.