ಆದೋನಿಯಿಂದ ಕಾರಿನಲ್ಲಿ: ಕಮಲಾಪುರದ ಸಫಾರಿ, ದರೋಜಿಯ ಕರಡಿ

ಆದೋನಿ, ಆಲೂರು, ಹೊಳಗುಂದ ಕಡೆಯ ನಮ್ಮವರಿಗೆ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಕಾಡುಪ್ರಾಣಿ ನೋಡಿಬರುವ ಜಾಗವೆಂದರೆ ಹಂಪಿ ಪಕ್ಕದ ಕಮಲಾಪುರ. ಅಲ್ಲಿ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನದ ಹುಲಿ, ಸಿಂಹ, ಜಿಂಕೆ ಸಫಾರಿಗಳಿವೆ. ಹತ್ತಿರದಲ್ಲೇ ದರೋಜಿ ಕರಡಿಧಾಮ. ಕೋವಿಡ್ ಕಾಲದಲ್ಲಿ ರೈಲು, ಬಸ್ಸು ಬೇಡವೆನಿಸಿದಾಗ ಸ್ವಂತ ಕಾರಿಗೆ ಒಪ್ಪುವ ದಾರಿ ಇದೇ ಆಗಿತ್ತು. ಈಗಲೂ ಹೊರಡುವವರಿಗೆ ಅನುಕೂಲವಾಗಲೆಂದು ಮಾಹಿತಿಯನ್ನು ಒಂದೆಡೆ ಕೊಟ್ಟಿದೆ.

ದಾರಿ ಮತ್ತು ಗಡಿ

ರಾಷ್ಟ್ರೀಯ ಹೆದ್ದಾರಿ 167ರಲ್ಲಿ ಆಲೂರು ದಾಟಿ ಹಗರಿ, ಅಲ್ಲಿಂದ ಬಳ್ಳಾರಿ. ಮುಂದೆ ತೋರಣಗಲ್ಲಿನ ಮೇಲೆ ಹೊಸಪೇಟೆಗೆ ಸುಮಾರು 60 ಕಿ.ಮೀ. ತೋರಣಗಲ್ಲಿನ ಸುತ್ತ ಲಾರಿಗಳ ಕಾಟವಿದೆ, ಬೇಗ ಹೊರಡುವುದು ಮೇಲು. 2021ರ ಎರಡನೇ ಅಲೆಯಲ್ಲಿ ಆಮ್ಲಜನಕದ ಟ್ಯಾಂಕರುಗಳು ಹೊರಟದ್ದು ಅಲ್ಲಿನ ಉಕ್ಕಿನ ಕಾರ್ಖಾನೆಯಿಂದಲೇ.

1953ರ ಸೆಪ್ಟೆಂಬರ್ ಕೊನೆಯವರೆಗೆ ಆದೋನಿ, ಆಲೂರು, ಹೊಸಪೇಟೆ ಮೂರೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ಬೀಗರು, ಬಿತ್ತನೆ ಬೀಜ, ಆಸ್ಪತ್ರೆ ಎಂದು ದಿನಬೆಳಗಾದರೆ ದಾಟುವ ಈ ಗೆರೆ ನಿಜಕ್ಕೂ ಗೋಡೆಯಾಗಿ ಕಂಡದ್ದು 2020ರಲ್ಲಿ. ಕರ್ನಾಟಕ ಪ್ರವೇಶಕ್ಕೆ ಸೇವಾ ಸಿಂಧು ನೋಂದಣಿ, ಗಡಿಯಲ್ಲಿ ತಪಾಸಣೆ ಆಗಸ್ಟ್ 24ರವರೆಗೂ ಇದ್ದವು. ಮೃಗಾಲಯಗಳು ಜೂನ್‌ನಲ್ಲೇ ತೆರೆದಿದ್ದರೂ ನಮ್ಮವರಿಗೆ ಪ್ರಯೋಜನವಾಗಲಿಲ್ಲ. ಪ್ರವಾಸಕ್ಕೆ ಸಿಕ್ಕದ್ದು ಆ ಸೆಪ್ಟೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗಿನ ಅವಧಿ ಮಾತ್ರ.

ನಮ್ಮ ಕಾರು ಒಳಗೆ ಹೋಗುತ್ತದೆಯೇ?

ಕಮಲಾಪುರದಲ್ಲಿ ಹೋಗುವುದಿಲ್ಲ. ಇಂಗ್ಲೆಂಡಿನ ಲಾಂಗ್‌ಲೀಟ್‌ನಲ್ಲಿ 1966ರಿಂದಲೂ ಜನ ತಮ್ಮ ಕಾರಿನಲ್ಲೇ ಸಿಂಹಗಳ ನಡುವೆ ಹಾದುಹೋಗುತ್ತಾರೆ. ಕೋವಿಡ್ ಕಾಲದಲ್ಲಿ ಅದು ದೊಡ್ಡ ಅನುಕೂಲವಾಯಿತು: ಗಾಜು ಏರಿಸಿದರೆ ಒಂದು ಮನೆಯವರ ಗಾಳಿ ಇನ್ನೊಂದು ಮನೆಯವರಿಗೆ ತಾಗದು. ನಮ್ಮಲ್ಲಿ ಹುಲಿ, ಸಿಂಹದ ಸಫಾರಿಗೆ ಉದ್ಯಾನದ ವಾಹನವನ್ನೇ ಹತ್ತಬೇಕು. ಊರಿಂದ ಮನೆಯವರಷ್ಟೇ ಬಂದರೂ ಕೊನೆಯ ಅರ್ಧ ತಾಸು ಅಪರಿಚಿತರ ಪಕ್ಕದಲ್ಲೇ. ವಯಸ್ಸಾದವರಿದ್ದರೆ ಜನಜಂಗುಳಿಯ ಭಾನುವಾರ ಬಿಟ್ಟು ಬೇರೆ ದಿನ ನೋಡಿಕೊಳ್ಳಿ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿ.

ದರೋಜಿಯ ರೀತಿ ಬೇರೆ. 1994ರಲ್ಲಿ ಕರಡಿಗಳಿಗಾಗಿಯೇ ಘೋಷಿಸಿದ ಧಾಮ ಇದು. ಈಗ ಸುಮಾರು 83 ಚದರ ಕಿ.ಮೀ. ಇದೆ. ಬಾಗಿಲಲ್ಲಿ ಟಿಕೆಟ್ ಪಡೆದು ವೀಕ್ಷಣಾ ಗೋಪುರದವರೆಗೆ ನಮ್ಮ ಕಾರಿನಲ್ಲೇ ಹೋಗಬಹುದು. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಸವರುತ್ತಾರೆ. ಮಧ್ಯಾಹ್ನದ ಮೇಲೆ ಕರಡಿಗಳು ಗುಹೆಯಿಂದ ಇಳಿದು ನೆಕ್ಕಲು ಬರುತ್ತವೆ, ಕೆಲವೊಮ್ಮೆ ಮರಿಗಳನ್ನು ಬೆನ್ನ ಮೇಲೆ ಹೊತ್ತು. ದೂರ ಬಹಳ, ದುರ್ಬೀನು ಇಲ್ಲದಿದ್ದರೆ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಒಂದನ್ನೇ ಆರಿಸಿಕೊಳ್ಳಬೇಕಾದರೆ ದರೋಜಿಗೇ ನನ್ನ ಮತ. ಮಕ್ಕಳು ಸುಮ್ಮನೆ ಕೂರಬೇಕು, ಅದೇ ಕಷ್ಟ.

ಸೋಂಕು ಯಾರಿಂದ ಯಾರಿಗೆ?

ಪ್ರಾಣಿಗಳಿಂದ ನಮಗೆ ತಗಲೀತೆಂಬ ಅಂಜಿಕೆ ಹಲವರಿಗಿತ್ತು. ಆದರೆ ಮೃಗಾಲಯಗಳು ಹೆಚ್ಚಾಗಿ ಹೆದರಿದ್ದು ಮನುಷ್ಯರಿಗೆ. 2021ರ ಮೇ ತಿಂಗಳಲ್ಲಿ ಹೈದರಾಬಾದ್ ಮೃಗಾಲಯದ 8 ಏಷ್ಯಾಟಿಕ್ ಸಿಂಹಗಳಿಗೆ ಸೋಂಕು ದೃಢಪಟ್ಟಿತು. ಜೂನ್‌ನಲ್ಲಿ ಚೆನ್ನೈ ಬಳಿಯ ವಂಡಲೂರಿನಲ್ಲಿ ಸೋಂಕಿತ ಸಿಂಹಿಣಿಯೊಂದು ಸತ್ತಿತು. ಬಾಗಿಲು ಮುಚ್ಚಿದರೆ ಇನ್ನೊಂದು ಕಷ್ಟ: ಕರ್ನಾಟಕದ ಮೃಗಾಲಯಗಳ ಖರ್ಚು ನಡೆಯುವುದು ಬಹುಪಾಲು ಟಿಕೆಟ್ ಹಣದಿಂದ. ಜನ ಬರಲಿ ಬಿಡಲಿ, ಹುಲಿಗೆ ಮಾಂಸ ಹಾಕಲೇಬೇಕು. ಆ ದಿನಗಳಲ್ಲಿ ಪ್ರಾಣಿ ದತ್ತು ಯೋಜನೆಗೆ ಜನ ಕೈಬಿಚ್ಚಿ ಕೊಟ್ಟರು. ಯೋಜನೆ ಈಗಲೂ ಇದೆ, ಹುಟ್ಟುಹಬ್ಬಕ್ಕೆ ಪಕ್ಷಿಯೊಂದನ್ನು ದತ್ತು ಪಡೆದರೂ ಆದೀತು.

ಟಿಕೆಟ್ ಇಲ್ಲದ ಸಫಾರಿ

ಇಷ್ಟೆಲ್ಲ ದೂರ ಹೋಗುವ ಮುನ್ನ ಕಿಟಕಿಯಾಚೆ ನೋಡಿ. ಆದೋನಿ, ಆಲೂರು, ಆಸ್ಪರಿ ಕಡೆಯ ಎರೆ ಹೊಲಗಳಲ್ಲಿ ಚಿಗರಿಗಳ ಹಿಂಡು ರಸ್ತೆಯಿಂದಲೇ ಕಾಣುತ್ತದೆ. ಕೃಷ್ಣಮೃಗ ಆಂಧ್ರದ ರಾಜ್ಯಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನಮಗೆ ಚೆಂದ ಕಾಣುವ ಹಿಂಡು ರೈತನಿಗೆ ಆಗತಾನೆ ಮೊಳೆತ ಹತ್ತಿ, ಶೇಂಗಾ, ಕಡಲೆಯ ನಷ್ಟ. ರಾತ್ರಿಯೆಲ್ಲ ಹೊಲ ಕಾಯುವವರೂ ಇದ್ದಾರೆ. ಫೋಟೋ ಆಸೆಗೆ ಬೆಳೆಯೊಳಗೆ ಇಳಿಯಬೇಡಿ, ಹಾರ್ನ್ ಹಾಕಿ ಓಡಿಸಬೇಡಿ. ಹೆದರಿದ ಹಿಂಡು ಪಕ್ಕದ ಹೊಲವನ್ನೂ ತುಳಿಯುತ್ತದೆ.

ದರೋಜಿಯಿಂದ ಸಂಜೆ ಆರಕ್ಕೆ ಹೊರಟರೆ ಆಲೂರು ಸೇರುವಷ್ಟರಲ್ಲಿ ಕತ್ತಲು. ಹಗರಿ ದಾಟಿದ ಮೇಲೆ ವೇಗ ಇಳಿಸಿ. ಒಂದು ಚಿಗರಿ ರಸ್ತೆ ದಾಟಿದರೆ ಹಿಂದೆಯೇ ಇನ್ನೂ ನಾಲ್ಕು ಬರುತ್ತವೆ.