ಒಬ್ಬ ಹುಡುಗನ ಅರ್ಜಿಯಿಂದ ವಾಟ್ಸಾಪ್ ಗುಂಪಿನವರೆಗೆ



ಮೊನ್ನೆ ನವಲಗುಂದ ಕಡೆಯ ಒಂದು ಕೇರಿಗೆ ಹೋಗಿದ್ದೆ. ರಾತ್ರಿ ಹತ್ತು ದಾಟಿತ್ತು. ಪಿಯುಸಿ ಸೈನ್ಸ್ ಓದುವ ಹುಡುಗಿಯೊಬ್ಬಳು ಕಟ್ಟಿ ಮ್ಯಾಲೆ ಅಪ್ಪನ ಮೊಬೈಲ್ ಹಿಡಕೊಂಡು ಕೂತಿದ್ದಳು. ಲೆಕ್ಕ ಇದು: 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ 250 ಮಿಲಿ ದ್ರಾವಣ ಮಾಡಿದರೆ ಅದರ ಮೊಲಾರಿಟಿ ಎಷ್ಟು? ಇವಳಿಗೆ 0.0004 ಬರುತ್ತಿತ್ತು. ನೋಟ್‌ಬುಕ್ಕಿನ ಫೋಟೊ ತಗದು ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದಳು. ಕುಂದಗೋಳದ ಹುಡುಗಿಯ ವಾಯ್ಸ್ ಮೆಸೇಜ್ ಬಂತು: "ಮೋಲ್ 0.1 ಬರೋಬ್ಬರಿ ಐತಿ. ಮಿಲಿನ ಲೀಟರ್ ಮಾಡೂದು ಮರ್ತಿ ನೋಡವಾ. 0.25ರಿಂದ ಭಾಗಿಸು." ಉತ್ತರ 0.4. ಆಮೇಲೆ ಇವಳು ಕಲಘಟಗಿಯ ಇನ್ನೊಬ್ಬಳಿಗೆ ಇಂಟಿಗ್ರೇಷನ್ ಲೆಕ್ಕ ಬಿಡಿಸಿ ಕಳಿಸಿದಳು.

ಹತ್ತನೇತ್ತೆತನಕ ಕನ್ನಡದಾಗ ಓದಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದ ಮಕ್ಕಳಿವು. ನಮ್ಮ ಮಾತಿನಾಗ ತಿಳಿಸಿ ಹೇಳುವ ಗೆಳತಿ ಇವರಿಗೆ ದೊಡ್ಡ ಆಸರೆ.

ಅಲ್ಲೇ ನನಗೆ ಇದೇ ಧಾರವಾಡದ ಇನ್ನೊಬ್ಬ ವಿದ್ಯಾರ್ಥಿ ನೆನಪಾದ. 1856ರ ಜೂನ್‌ನಲ್ಲಿ ಒಬ್ಬ ಮಹಾರ ಹುಡುಗ, ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬೈ ಸರ್ಕಾರಕ್ಕೆ ಅರ್ಜಿ ಬರೆದ. ನ್ಯಾಯ ಅವನ ಕಡೆಗಿದೆ ಎಂದು ಸರ್ಕಾರವೇ ಒಪ್ಪಿತು. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಕೈಹಚ್ಚಿದರೆ ಶಿಕ್ಷಣಕ್ಕೇ ಪೆಟ್ಟು ಬೀಳುತ್ತದೆ ಎಂದು ಕೈಚೆಲ್ಲಿತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಲಂಡನ್ನಿನ ಕಂಪನಿ ನಿರ್ದೇಶಕರು ಹೇಳಿದ್ದು 1858ರಲ್ಲಿ.

ಬಾಬಾಸಾಹೇಬರು ಇದನ್ನು ಮರೆಯಲಿಲ್ಲ. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣ ಎತ್ತಿದರು. ಮರುವರ್ಷ, 1929ರಲ್ಲಿ, ಧಾರವಾಡದ ಕೊಪ್ಪದಕೇರಿಯಲ್ಲಿ ನಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ಶುರುಮಾಡಿದರು. "ಒಬ್ಬನೇ ಬಂದಾನ" ಅನ್ನುವ ನೆಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಏನಿದೆ? ಒಬ್ಬನನ್ನು ಹೊರಗೆ ಹಾಕಬಹುದು. ಕೂಡಿ ಓದುವವರನ್ನು ಹಾಕೋದು ಅಷ್ಟು ಸುಲಭ ಅಲ್ಲ.

ನಾನೂ ಹಾಸ್ಟೆಲ್ ಹುಡುಗನೇ. ಗಣಿತದಾಗ ಎರಡು ಸಲ ಫೇಲಾದವನನ್ನು ಪಾಸು ಮಾಡಿಸಿದವರು ಸೀನಿಯರ್ ಅಣ್ಣಗಳು. ಬಚ್ಚಲ ಕಲ್ಲಿನ ಮೇಲೆ ಇದ್ದಿಲಿನಿಂದ ಲೆಕ್ಕ ಬರೆದು ತೋರಿಸ್ತಿದ್ದರು. ಟ್ಯೂಷನ್ನಿಗೆ ರೊಕ್ಕ ಇಲ್ಲದವರ ಟ್ಯೂಷನ್ ಅದು. ಇವತ್ತು ಆ ಕಲ್ಲು ಮೊಬೈಲಿಗೆ ಬಂದಿದೆ, ಅಷ್ಟೇ. ಇದನ್ನು ಕಾಪಿ ಅನ್ನುವವರಿಗೆ ಒಂದೇ ಮಾತು: ಪರೀಕ್ಷೆ ಹಾಲ್‌ನೊಳಗೆ ಅವಳು ಒಬ್ಬಳೇ ಕೂಡ್ತಾಳ.

ಆದರೆ ಮೊಬೈಲ್ ಬಂತು, ಸಮಾನತೆ ಬಂತು ಅಂತ ನಾನು ಹೇಳಾಕಿಲ್ಲ. ಆ ಮೊಬೈಲ್ ಹಗಲೆಲ್ಲ ಅಪ್ಪನ ಜೊತೆ ಕೂಲಿಗೆ ಹೋಗತೈತಿ. ಅವಳ ಪ್ರಶ್ನೆ ಗುಂಪಿಗೆ ಬೀಳುವುದೇ ರಾತ್ರಿ ಹತ್ತಕ್ಕ. ರಿಚಾರ್ಜ್ ಮುಗಿದ ದಿನ ಅದೂ ಇಲ್ಲ. ಶಾಲೆ ಬಾಗಿಲು ತೆರೆದರೂ ಹೊರಗೇ ಉಳಿಸುವ ಹೊಸ ದಾರಿ ಇದು.

ಅವಳು ಕೂತ ಕಟ್ಟಿಯ ಎದುರಿಗೇ ಅಂಬೇಡ್ಕರ್ ಭವನ ಇತ್ತು. ಬೀಗ ಹಾಕಿತ್ತು. ಜಯಂತಿಗೆ ತೆಗೀತೀವಿ ಅಂದರು.

ಗೆಳೆಯರೆ, ನಿಮ್ಮ ನಿಮ್ಮ ಊರಾಗ ಆ ಬೀಗ ತಗಸ್ರಿ. ಸಂಜೆ ದೀಪ, ನೆಟ್, ಒಂದು ಕರಿಹಲಗೆ ಸಾಕು. ಲೆಕ್ಕ ಮಕ್ಕಳೇ ಒಬ್ಬರಿಗೊಬ್ಬರು ಬಿಡಿಸಿಕೊಳ್ತಾರ.